ಹೋರಿ ಹೋರಿಯಾಗಿಯೇ ಉಳಿಯುತ್ತದೆ

ಡಿಸೆಂಬರ್-ಜನವರಿಯ ಚಳಿಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಹಳ್ಳಿಕಾರ್ ಜೋಡಿಗಳು ಸಾಲಾಗಿ ನಿಂತಿರುತ್ತವೆ. ಕೊಳ್ಳಲು ಬಂದವನು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ಬೆನ್ನ ಮೇಲೆ ಕೈಯಾಡಿಸುತ್ತಾನೆ. ಕೊನೆಗೆ ಹಿಂದಕ್ಕೆ ಹೋಗಿ ಬಗ್ಗಿ ನೋಡಿ, "ಬೀಜ ಒಡೆಸಿದ್ದೀರಾ?" ಎಂದು ಕೇಳುತ್ತಾನೆ. ಬೆಲೆ ನಿಲ್ಲುವುದು ಆ ಪ್ರಶ್ನೆಯ ಮೇಲೆ. ಒಡೆಸಿದ್ದರೆ ಅದು ನೊಗಕ್ಕೆ ಬಗ್ಗುವ ಎತ್ತು, ಇಲ್ಲದಿದ್ದರೆ ಮೂಗುದಾರಕ್ಕೂ ಜಗ್ಗದ ಹೋರಿ. ಮಿಕ್ಕ ಮಾತೆಲ್ಲ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುತ್ತದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದ ಗಂಡಸಿಗೆ ಈ ವ್ಯತ್ಯಾಸವನ್ನು ಯಾರೂ ಪಾಠ ಮಾಡಿ ಹೇಳಬೇಕಿಲ್ಲ. ಬೆದೆಗೆ ಬಂದ ಹಸುವಿನ ವಾಸನೆ ಸಿಕ್ಕರೆ ಗೂಟ ಕಿತ್ತುಕೊಂಡು ಓಡುತ್ತಿದ್ದ ಪ್ರಾಣಿ, ಪಶು ವೈದ್ಯರು ಇಕ್ಕಳ ಹಾಕಿದ ಕೆಲವು ತಿಂಗಳಲ್ಲಿ ತಲೆ ತಗ್ಗಿಸಿ ಮೇಯುವುದನ್ನು ಅವನು ಸಣ್ಣವನಿದ್ದಾಗಲೇ ಕಂಡಿರುತ್ತಾನೆ. ಅದರ ಹಿಣಿಲು ಇಳಿಯುವುದನ್ನು, ಗುಟುರು ಹಾಕುವುದು ನಿಲ್ಲುವುದನ್ನು ನೋಡಿರುತ್ತಾನೆ. ಹೀಗಿರುವಾಗ ಎರಡನೇ ಮಗುವಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದು, "ಈ ಸಲ ಅಣ್ಣನೇ ಆಪರೇಷನ್ ಮಾಡಿಸ್ಕೊಳ್ಳಲಿ, ಗಂಡಸರದು ಹತ್ತು ನಿಮಿಷದ ಕೆಲಸ" ಎಂದರೆ ಅವನ ಕಣ್ಣ ಮುಂದೆ ಬರುವುದು ಆ ಎತ್ತು. ಇದನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಅವನು ಕಣ್ಣಾರೆ ಕಂಡದ್ದರಿಂದಲೇ ಲೆಕ್ಕ ಹಾಕಿದ್ದಾನೆ. ಕಂಡದ್ದು ಸರಿಯಾಗಿಯೇ ಇದೆ. ತಪ್ಪಿರುವುದು ಒಂದೇ ಕಡೆ: ಎತ್ತಿಗೆ ಕತ್ತರಿಸಿದ್ದು ಯಾವ ದಾರಿ, ಮನುಷ್ಯನಿಗೆ ಕತ್ತರಿಸುವುದು ಯಾವ ದಾರಿ ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಿಲ್ಲ.

ವೃಷಣಕ್ಕೆ ಕೆಲಸ ಎರಡು. ಒಂದು, ವೀರ್ಯಾಣುಗಳನ್ನು ಹುಟ್ಟಿಸುವುದು. ಇನ್ನೊಂದು, ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನನ್ನು ತಯಾರಿಸುವುದು. ಗಡ್ಡ ಮೀಸೆ, ಗಡಸು ದನಿ, ಮಾಂಸಖಂಡ, ಆಸೆ, ನಿಮಿರುವಿಕೆ ಇವಕ್ಕೆಲ್ಲ ಬೇಕಾಗಿರುವುದು ಈ ಎರಡನೆಯದು. ಎರಡು ಸರಕೂ ಒಂದೇ ಮನೆಯಲ್ಲಿ ತಯಾರಾದರೂ ಹೊರಗೆ ಹೋಗುವ ದಾರಿ ಬೇರೆ ಬೇರೆ. ವೀರ್ಯಾಣು ಹೋಗುವುದು ನಾಳದಲ್ಲಿ. ಹಾರ್ಮೋನು ಹೋಗುವುದು ರಕ್ತದಲ್ಲಿ. ಅದಕ್ಕೆ ನಾಳದ ಹಂಗಿಲ್ಲ.

ಹೋರಿಗೆ ಹಾಕುವ ಇಕ್ಕಳ ಬೀಜದ ಮೇಲಿನ ಇಡೀ ಹುರಿಯನ್ನೇ ಹಿಚುಕುತ್ತದೆ. ಆ ಹುರಿಯಲ್ಲಿರುವ ರಕ್ತನಾಳಗಳು ಜಜ್ಜಿಹೋಗಿ ಬೀಜಕ್ಕೆ ರಕ್ತ ನಿಂತುಹೋಗುತ್ತದೆ. ರಕ್ತವಿಲ್ಲದ ಬೀಜ ಒಣಗಿ ಸಣ್ಣದಾಗುತ್ತದೆ. ಅಲ್ಲಿಗೆ ವೀರ್ಯಾಣುವೂ ಇಲ್ಲ, ಹಾರ್ಮೋನೂ ಇಲ್ಲ. ಹೋರಿ ಎತ್ತಾಗುತ್ತದೆ. ಗಂಡಸರ ಸಂತಾನಹರಣ ಚಿಕಿತ್ಸೆಯಲ್ಲಿ, ಅಂದರೆ ವ್ಯಾಸೆಕ್ಟಮಿಯಲ್ಲಿ, ವೃಷಣವನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಬರುವ ರಕ್ತವನ್ನೂ ತಡೆಯುವುದಿಲ್ಲ. ವೀರ್ಯಾಣು ಸಾಗುವ ಎರಡು ಸಣ್ಣ ನಾಳಗಳನ್ನು ಮಾತ್ರ, ಎಡಕ್ಕೊಂದು ಬಲಕ್ಕೊಂದು, ಕತ್ತರಿಸಿ ಕಟ್ಟುತ್ತಾರೆ.

ಈ ಎರಡು ದಾರಿಗಳ ವ್ಯತ್ಯಾಸ ಇನ್ನೂರು ವರ್ಷದ ಹಿಂದೆಯೇ ಒಂದು ನಾಯಿಯ ಮೈಯಲ್ಲಿ ತೋರಿಬಂದಿತ್ತು. 1823ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಒಂದು ನಾಯಿಗೆ ಒಂದು ಪಕ್ಕದಲ್ಲಿ ವೀರ್ಯನಾಳವನ್ನು ಮಾತ್ರ ಕತ್ತರಿಸಿದ, ಇನ್ನೊಂದು ಪಕ್ಕದಲ್ಲಿ ರಕ್ತನಾಳಗಳನ್ನು ಕತ್ತರಿಸಿದ. ರಕ್ತನಾಳ ಕತ್ತರಿಸಿದ ಕಡೆಯ ವೃಷಣ ಕೊಳೆತು ಉದುರಿತು. ವೀರ್ಯನಾಳ ಕತ್ತರಿಸಿದ ಕಡೆಯದು ಗುಂಡಾಗಿಯೇ ಉಳಿಯಿತು. ಕೂಪರ್ ಆ ನಾಯಿಯನ್ನು ಆರು ವರ್ಷ ಸಾಕಿದ. ಅದು ಹೆಣ್ಣುನಾಯಿಯನ್ನು ಕೂಡಿತು, ಆದರೆ ಮರಿಯಾಗಲಿಲ್ಲ. ಒಂದು ಪಕ್ಕ ಎತ್ತಿನ ಕಥೆ, ಇನ್ನೊಂದು ಪಕ್ಕ ಆಪರೇಷನ್ ಆದ ಗಂಡಸಿನ ಕಥೆ, ಒಂದೇ ಪ್ರಾಣಿಯಲ್ಲಿ. ಇಷ್ಟು ನಿಚ್ಚಳವಾದ ಪ್ರಯೋಗ ವೈದ್ಯಚರಿತ್ರೆಯಲ್ಲಿ ಅಪರೂಪ.

ಹಾರ್ಮೋನು ರಕ್ತದಲ್ಲೇ ಹರಿಯುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು ಹುಂಜಗಳಲ್ಲಿ. ಜರ್ಮನಿಯ ಗಾಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ತೊಲ್ಡ್ ಆರು ಎಳೆ ಹುಂಜಗಳ ಮೇಲೆ ಮಾಡಿದ ಪ್ರಯೋಗವನ್ನು 1849ರಲ್ಲಿ ಪ್ರಕಟಿಸಿದ. ಎರಡೂ ಬೀಜ ತೆಗೆಸಿಕೊಂಡ ಹುಂಜಗಳ ಜುಟ್ಟು ಬಾಡಿತು, ಕೂಗು ಅಡಗಿತು, ಕಾದಾಟ ನಿಂತಿತು. ಬೀಜವನ್ನು ಬಿಡಿಸಿ ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟ ಹುಂಜಗಳು ಮಾತ್ರ ಕೆಂಪು ಜುಟ್ಟು ಎತ್ತಿಕೊಂಡು ಕೂಗಿದವು, ಕಾದಾಡಿದವು, ಹೇಂಟೆಗಳ ಹಿಂದೆ ಓಡಿದವು. ಆ ಬೀಜಗಳಿಗೆ ನಾಳದ ಸಂಪರ್ಕವಿರಲಿಲ್ಲ, ನರದ ಸಂಪರ್ಕವೂ ಇರಲಿಲ್ಲ. ಹೊಸದಾಗಿ ಬೆಳೆದ ರಕ್ತನಾಳಗಳು ಮಾತ್ರ ಇದ್ದವು. ಹುಂಜತನಕ್ಕೆ ಅಷ್ಟೇ ಸಾಕಾಯಿತು.

ನಮ್ಮ ಹೈನುಗಾರರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಅದೂ ಇದೆ. ದೊಡ್ಡ ಡೇರಿ ಫಾರಂಗಳಲ್ಲಿ ಯಾವ ಹಸು ಬೆದೆಗೆ ಬಂದಿದೆ ಎಂದು ಪತ್ತೆ ಹಚ್ಚಲು ಒಂದು ಹೋರಿಯನ್ನು ಮಂದೆಯಲ್ಲಿ ಬಿಡುವ ಪದ್ಧತಿಯಿದೆ. ಅದು ಹಸುವನ್ನು ಹುಡುಕಬೇಕು, ಏರಬೇಕು, ಆದರೆ ಗಬ್ಬ ನಿಲ್ಲಿಸಬಾರದು. ಅದಕ್ಕಾಗಿ ಆ ಹೋರಿಗೆ ಮಾಡುವುದೇ ವ್ಯಾಸೆಕ್ಟಮಿ. ಆಪರೇಷನ್ನಿನಿಂದ ಆಸೆ ಸಾಯುವುದಾಗಿದ್ದರೆ ಪಶು ವೈದ್ಯರು ಈ ಕೆಲಸಕ್ಕೆ ಅಂಥ ಹೋರಿಯನ್ನು ಯಾಕೆ ನೆಚ್ಚುತ್ತಿದ್ದರು? ಬೀಜ ಒಡೆಸಿದ ಎತ್ತು ಆ ಕೆಲಸಕ್ಕೆ ಬರುವುದಿಲ್ಲ. ನಾಳ ಕತ್ತರಿಸಿದ ಹೋರಿ ಬರುತ್ತದೆ, ಏಕೆಂದರೆ ಅದು ಹೋರಿಯಾಗಿಯೇ ಉಳಿದಿರುತ್ತದೆ.

ಗಂಡಸರು ನಿಜವಾಗಿ ಕೇಳಬೇಕೆಂದಿರುವ, ಆದರೆ ಬಾಯಿಬಿಟ್ಟು ಕೇಳದ ಪ್ರಶ್ನೆಗಳಿಗೆ ಈಗ ಬರೋಣ. ಮೊದಲನೆಯದು, "ಆಮೇಲೆ ಏನೂ ಬರೋದಿಲ್ವಾ?" ಬರುತ್ತದೆ. ಮೊದಲಿನಷ್ಟೇ ಬರುತ್ತದೆ. ವೀರ್ಯ ಅಂದರೆ ವೀರ್ಯಾಣುಗಳ ರಾಶಿ ಎಂದು ನಾವು ತಿಳಿದಿದ್ದೇವೆ, ಹಾಗಲ್ಲ. ಒಮ್ಮೆ ಹೊರಬರುವುದು ಹೆಚ್ಚೆಂದರೆ ಒಂದು ಟೀ ಚಮಚದಷ್ಟು. ಅದರಲ್ಲಿ ಮುಕ್ಕಾಲಿಗೆ ಹತ್ತಿರದ ಪಾಲು ಮೂತ್ರಕೋಶದ ಹಿಂದಿರುವ ವೀರ್ಯಕೋಶಗಳದು, ಉಳಿದದ್ದು ಬಹುಪಾಲು ಪ್ರಾಸ್ಟೇಟ್ ಗ್ರಂಥಿಯದು. ವೃಷಣದಿಂದ ನಾಳದ ಮೂಲಕ ಬಂದು ಸೇರುವುದು ನೂರರಲ್ಲಿ ಐದು ಪಾಲಿನ ಆಸುಪಾಸು, ಅಂದರೆ ಕೆಲವೇ ಹನಿ. ಆಪರೇಷನ್ ಆದಮೇಲೆ ತಪ್ಪುವುದು ಆ ಹನಿಗಳು ಮಾತ್ರ. ಬಣ್ಣ ಅದೇ, ಅಂಟು ಅದೇ, ವಾಸನೆ ಅದೇ. ಗಂಡನಿಗೂ ಗೊತ್ತಾಗುವುದಿಲ್ಲ, ಹೆಂಡತಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸೂಕ್ಷ್ಮದರ್ಶಕಕ್ಕೆ ಮಾತ್ರ.

ಎರಡನೆಯದು, "ಒಳಗೆ ತಯಾರಾದದ್ದು ಎಲ್ಲಿಗೆ ಹೋಗುತ್ತೆ? ಗಂಟು ಕಟ್ಟಲ್ವಾ?" ಆರೋಗ್ಯವಂತ ಗಂಡಸಿನಲ್ಲಿ ದಿನಕ್ಕೆ ಹತ್ತು ಕೋಟಿಯ ಆಸುಪಾಸು ವೀರ್ಯಾಣುಗಳು ಹುಟ್ಟುತ್ತವೆ, ಅಂದರೆ ಸೆಕೆಂಡಿಗೆ ಸಾವಿರಕ್ಕೂ ಮೇಲೆ. ಅಂಕಿ ದೊಡ್ಡದು, ಆದರೆ ವೀರ್ಯಾಣುವಿನ ಗಾತ್ರ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆಪರೇಷನ್ ಆದಮೇಲೂ ಅವು ಹುಟ್ಟುತ್ತಲೇ ಇರುತ್ತವೆ. ವಯಸ್ಸಾದ ವೀರ್ಯಾಣುಗಳನ್ನು ದೇಹದ ಸಫಾಯಿ ಕೋಶಗಳು ನುಂಗಿ ಕರಗಿಸುತ್ತವೆ. ದಿನವೂ ಸಾಯುವ ರಕ್ತಕಣಗಳನ್ನು ದೇಹ ಹೇಗೆ ಕರಗಿಸಿ ಮತ್ತೆ ಬಳಸಿಕೊಳ್ಳುತ್ತದೋ ಇದೂ ಹಾಗೆಯೇ. ಕೆಲವರಲ್ಲಿ ಕತ್ತರಿಸಿದ ತುದಿಯಲ್ಲಿ ವೀರ್ಯಾಣು ಸೋರಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುವುದುಂಟು. ಸಾಮಾನ್ಯವಾಗಿ ಅದು ತೊಂದರೆ ಕೊಡುವುದಿಲ್ಲ. ನೋವಿದ್ದರೆ ತೋರಿಸಿಕೊಳ್ಳಬೇಕು.

ಮೂರನೆಯ ಪ್ರಶ್ನೆಯೇ ಎಲ್ಲದರ ಬುಡ: "ನರ ಕಟ್ ಮಾಡಿದ್ಮೇಲೆ ಏಳುತ್ತಾ?" ಇಲ್ಲಿ ನಮ್ಮ ಮಾತೇ ನಮಗೆ ಮೋಸ ಮಾಡಿದೆ. ಮುಂಗೈ ಮೇಲೆ ಉಬ್ಬಿ ಕಾಣುವ ರಕ್ತನಾಳವನ್ನೂ ನಾವು ನರ ಎನ್ನುತ್ತೇವೆ, ಬೆನ್ನಿನಲ್ಲಿ ಹಿಡಿದುಕೊಂಡದ್ದನ್ನೂ ನರ ಎನ್ನುತ್ತೇವೆ, ವೀರ್ಯನಾಳವನ್ನೂ ನರ ಎನ್ನುತ್ತೇವೆ. ಊರ ಹೊರಗಿನ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದ 'ನರ ದೌರ್ಬಲ್ಯ' ಜಾಹೀರಾತು ಇದಕ್ಕೆ ಇನ್ನಷ್ಟು ಭಯ ಬೆರೆಸಿದೆ. ನಿಮಿರುವಿಕೆಯನ್ನು ನಡೆಸುವ ನಿಜವಾದ ನರಗಳು ಬೆನ್ನುಹುರಿಯ ಕೆಳತುದಿಯಿಂದ ಹೊರಟು, ಪ್ರಾಸ್ಟೇಟ್ ಗ್ರಂಥಿಯ ಪಕ್ಕದಲ್ಲೇ ಹಾದು ಶಿಶ್ನಕ್ಕೆ ಹೋಗುತ್ತವೆ. ಅವು ಇರುವುದು ಕಿಬ್ಬೊಟ್ಟೆಯ ಆಳದಲ್ಲಿ. ಚಿಕಿತ್ಸೆ ನಡೆಯುವುದು ಹೊರಗಿನ ಚರ್ಮದ ಚೀಲದಲ್ಲಿ. ಅಲ್ಲಿ ಆಡುವ ಇಕ್ಕಳಕ್ಕೆ ಈ ನರ ಸಿಗುವ ಮಾತೇ ಇಲ್ಲ. ಸ್ಖಲನದ ಹೊತ್ತಿನ ಸುಖ ಹುಟ್ಟುವುದು ಮಿದುಳಿನಲ್ಲಿ ಮತ್ತು ಕಿಬ್ಬೊಟ್ಟೆಯ ತಳದ ಸ್ನಾಯುಗಳು ಲಯಬದ್ಧವಾಗಿ ಬಿಗಿಯುವುದರಲ್ಲಿ. ನಾಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಚಿಕಿತ್ಸೆಯನ್ನು ಹತ್ತಿರದಿಂದ ನೋಡಿದರೆ ಭಯ ಅರ್ಧ ಇಳಿಯುತ್ತದೆ. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವುದು ಚಾಕುವಿಲ್ಲದ, ಹೊಲಿಗೆಯಿಲ್ಲದ ವಿಧಾನ, ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿ. ಎನ್‌ಎಸ್‌ವಿ ಎಂದರೆ ಆಸ್ಪತ್ರೆಯವರಿಗೆಲ್ಲ ಗೊತ್ತು. ಚೀನಾದ ಲಿ ಷುನ್‌ಚಿಯಾಂಗ್ ಎಂಬ ವೈದ್ಯ 1974ರಲ್ಲಿ ಇದನ್ನು ರೂಪಿಸಿದ. 1990ರ ದಶಕದಲ್ಲಿ ಭಾರತಕ್ಕೆ ಬಂತು. ವೈದ್ಯರು ಚರ್ಮದ ಮೇಲಿಂದಲೇ ಮೂರು ಬೆರಳಲ್ಲಿ ನಾಳವನ್ನು ಹುಡುಕುತ್ತಾರೆ. ಸುತ್ತಲಿನದೆಲ್ಲ ಮೆತ್ತಗೆ, ನಾಳ ಮಾತ್ರ ಬಿಗಿಯಾದ ಹುರಿಯಂತೆ ಕೈಗೆ ಜಾರುತ್ತದೆ. ದಪ್ಪ ಎರಡು-ಮೂರು ಮಿಲಿಮೀಟರ್. ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಚುಚ್ಚಿದಂತಾಗುತ್ತದೆ, ಆ ಕ್ಷಣವೇ ಹೆಚ್ಚು ನೋವಿನದು. ಆಮೇಲೆ ತುದಿಯಲ್ಲಿ ಉಂಗುರವಿರುವ ಇಕ್ಕಳದಿಂದ ನಾಳವನ್ನು ಹಿಡಿದು, ಮೊನೆಯಾದ ಇನ್ನೊಂದು ಇಕ್ಕಳದಿಂದ ಚರ್ಮದಲ್ಲಿ ಒಂದು ಸಣ್ಣ ರಂಧ್ರ ಮಾಡಿ ಅಗಲಿಸುತ್ತಾರೆ. ಚಾಕು ಹಾಕದೆ ಚರ್ಮವನ್ನು ಬಿಡಿಸುವುದರಿಂದ ರಕ್ತನಾಳಗಳು ತುಂಡಾಗದೆ ಪಕ್ಕಕ್ಕೆ ಸರಿಯುತ್ತವೆ. ಬಿಳಿಯ ನಾಳ ಒಂದು ಕುಣಿಕೆಯಂತೆ ಹೊರಗೆ ಬರುತ್ತದೆ. ಅದರ ತುಂಡೊಂದನ್ನು ಕತ್ತರಿಸಿ, ಎರಡು ತುದಿಗಳನ್ನು ರೇಷ್ಮೆ ದಾರದಿಂದ ಕಟ್ಟಿ, ನಡುವೆ ದೇಹದ್ದೇ ಪೊರೆಯ ಮರೆ ನಿಲ್ಲಿಸುತ್ತಾರೆ. ರೇಷ್ಮೆ ದಾರ ಅಂದರೆ ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಓಡುವ ಆ ರೇಷ್ಮೆಯ ಹುಳವೇ ಕೊಟ್ಟ ದಾರ. ಇನ್ನೊಂದು ಪಕ್ಕಕ್ಕೂ ಅದೇ ರಂಧ್ರ ಸಾಕು. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಒಂದು ಪಟ್ಟಿ ಅಂಟಿಸಿದರೆ ಆಯಿತು. ಅರ್ಧ ಗಂಟೆ ಕೂತು ಮನೆಗೆ ಹೋಗಬಹುದು.

ಎರಡು ದಿನ ವಿಶ್ರಾಂತಿ ಬೇಕು. ಗರಡಿಮನೆಯ ಪೈಲ್ವಾನರು ಲಂಗೋಟಿ ಬಿಗಿಯುತ್ತಾರಲ್ಲ, ಹಾಗೆ ಬಿಗಿಯಾದ ಒಳಉಡುಪು ಹಾಕಿ ಆ ಭಾಗ ಜೋಲಾಡದಂತೆ ನೋಡಿಕೊಂಡರೆ ನೋವೂ ಊತವೂ ಕಡಿಮೆ. ಮಗ್ಗದ ಬೀಮ್ ಎತ್ತುವವರು, ತರಕಾರಿ ಮೂಟೆ ಹೊರುವವರು, ನೆಲಮಂಗಲದ ಗೋದಾಮುಗಳಲ್ಲಿ ಲೋಡ್ ಇಳಿಸುವವರು ಒಂದು ವಾರ ಭಾರ ಮುಟ್ಟಬಾರದು. ಸೈಕಲ್ಲು, ಬೈಕು ಕೂಡ ಕೆಲವು ದಿನ ಬೇಡ. "ಆಪರೇಷನ್ ಆದ್ಮೇಲೆ ಜೀವಮಾನವೆಲ್ಲ ಭಾರ ಎತ್ತೋಕಾಗಲ್ಲ" ಎಂಬ ಮಾತು ಈ ಒಂದು ವಾರದ ಎಚ್ಚರಿಕೆ ಬಾಯಿಂದ ಬಾಯಿಗೆ ಹೋಗಿ ಬೆಳೆದದ್ದು. ವಾರ ಕಳೆದ ಮೇಲೆ ಮೊದಲಿನ ಮೂಟೆಯನ್ನೇ ಮೊದಲಿನಂತೆಯೇ ಎತ್ತಬಹುದು.

ಹೆಂಡತಿಯ ಜತೆ ಸೇರುವುದು ಯಾವಾಗ? ನೋವು ಕಳೆದು ಮನಸ್ಸಿಗೆ ಹಿತವೆನಿಸಿದಾಗ. ಹೆಚ್ಚಿನವರಿಗೆ ಒಂದು ವಾರದ ಹೊತ್ತಿಗೆ ಆಗುತ್ತದೆ. ಮೊದಲ ಒಂದೆರಡು ಸಲ ವೀರ್ಯದಲ್ಲಿ ಕಂದು ಬಣ್ಣ, ರಕ್ತದ ಎಳೆ ಕಾಣಬಹುದು. ನಾಳದೊಳಗೆ ಉಳಿದ ಹಳೆಯ ರಕ್ತ ಅದು, ಹೆದರಬೇಕಿಲ್ಲ. ಸ್ಖಲನದ ಹೊತ್ತಿಗೆ ಸ್ವಲ್ಪ ಎಳೆತ, ಆಮೇಲೆ ಸ್ವಲ್ಪ ಭಾರ ಕೆಲವು ವಾರ ಇರಬಹುದು. ಜ್ವರ ಬಂದರೆ, ಊತ ದಿನದಿಂದ ದಿನಕ್ಕೆ ಏರಿದರೆ, ಕೀವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟುವುದು, ಸೋಂಕಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಬದುಕಿಗೆ ಅಡ್ಡಿಯಾಗುವಂಥ ನೋವು ಬಹುಕಾಲ ಉಳಿಯುವುದೂ ನೂರರಲ್ಲಿ ಒಬ್ಬಿಬ್ಬರಿಗೆ ಉಂಟು. ಇದನ್ನು ಮುಚ್ಚಿಟ್ಟು ಚಿಕಿತ್ಸೆಯನ್ನು ಹೊಗಳುವುದು ಸರಿಯಲ್ಲ. ಸಹಿ ಹಾಕುವ ಮುಂಚೆಯೇ ಪ್ರತಿಯೊಬ್ಬನಿಗೂ ತಿಳಿದಿರಬೇಕಾದ ಮಾತು ಇದು.

ಇಲ್ಲಿಂದ ಮುಂದಿನದು ಈ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. ಆಪರೇಷನ್ ಆದ ಮರುದಿನದಿಂದ ಗರ್ಭ ನಿಲ್ಲುವುದಿಲ್ಲ ಎಂದು ತುಂಬ ಜನ ತಿಳಿದಿದ್ದಾರೆ. ಹೆಂಗಸರ ಆಪರೇಷನ್ ನೋಡಿದ ರೂಢಿಯಿಂದ ಬಂದ ತಪ್ಪು ಇದು. ತೂಬು ಮುಚ್ಚಿದ ಕೂಡಲೇ ಕಾಲುವೆ ಒಣಗುವುದಿಲ್ಲವಲ್ಲ, ಮುಂದೆ ಹರಿದುಹೋದ ನೀರು ಇನ್ನೂ ಕಾಲುವೆಯಲ್ಲಿ ಇರುತ್ತದೆ. ಕತ್ತರಿಸಿದ ಜಾಗದಿಂದ ಮೇಲಿನ ನಾಳದಲ್ಲಿ ಉಳಿದ ವೀರ್ಯಾಣುಗಳು ಪ್ರತಿ ಸ್ಖಲನದಲ್ಲೂ ಸ್ವಲ್ಪಸ್ವಲ್ಪವೇ ಖಾಲಿಯಾಗಬೇಕು. ಅದಕ್ಕೆ ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕಾಂಡೋಮ್ ಅಥವಾ ಹೆಂಡತಿಗೆ ಒಗ್ಗುವ ಬೇರೆ ವಿಧಾನ ಇರಲೇಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂದು ಬರೆದ ಚೀಟಿ ಕೈಗೆ ಬಂದ ದಿನವೇ ಆಪರೇಷನ್ ಮುಗಿದ ದಿನ.

ಪರೀಕ್ಷೆಗೆ ಕೊಡುವುದು ಮುಜುಗರದ ಕೆಲಸ ನಿಜ. ಬಾಯಿ ಅಗಲವಿರುವ, ಒಣಗಿದ, ಶುದ್ಧ ಡಬ್ಬಿಯಲ್ಲಿ ಹಿಡಿದು, ಮೈಬಿಸಿ ತಾಕುವಂತೆ ಅಂಗಿಯೊಳಗಿನ ಜೇಬಿನಲ್ಲಿಟ್ಟುಕೊಂಡು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಆಪರೇಷನ್ನಿಗೆ ಮುಂಚೆ ಅದೇ ಗಂಡಸಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ, ಮಳೆಗಾಲದ ಹೊಂಡದಲ್ಲಿ ಗೊದಮೊಟ್ಟೆ ಕದಲುವಂತೆ ಬಾಲ ಬಡಿಯುವ ವೀರ್ಯಾಣುಗಳ ಸಂತೆ ಕಾಣುತ್ತಿತ್ತು. ಮೂರು ತಿಂಗಳ ನಂತರದ ಹನಿಯಲ್ಲಿ ಅಲ್ಲೊಂದು ಇಲ್ಲೊಂದು ದುಂಡು ಕೋಶ, ಉಳಿದಂತೆ ನಿಶ್ಚಲ. ಬರಿಗಣ್ಣಿಗೆ ಎರಡೂ ಹನಿ ಒಂದೇ.

ಈ ಚೀಟಿಯನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಗಂಡನ ಆಪರೇಷನ್ ಬೇಡ ಎನ್ನುವುದು ಎಷ್ಟೋ ಸಲ ಹೆಂಡತಿಯೇ. "ಅವರದ್ದು ಆದ್ಮೇಲೆ ಅಕಸ್ಮಾತ್ ನನಗೆ ನಿಂತ್ರೆ ಊರು ಏನನ್ನುತ್ತೆ?" ಎಂಬ ಭಯ ಅವಳದು. ಆ ಭಯಕ್ಕೆ ಆಧಾರವಿದೆ. ಮೂರು ತಿಂಗಳೊಳಗೆ ಕಾಂಡೋಮ್ ಬಿಟ್ಟರೆ ಗರ್ಭ ನಿಲ್ಲಬಹುದು. ಪರೀಕ್ಷೆಯಲ್ಲಿ ಸರಿಯಿದೆ ಎಂದು ಬಂದ ಮೇಲೂ, ಸುಮಾರು ಎರಡು ಸಾವಿರದಲ್ಲಿ ಒಬ್ಬರಿಗೆ ಕತ್ತರಿಸಿದ ತುದಿಗಳ ನಡುವೆ ದಾರಿ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಅತ್ತೆ ಮಾವ, ನೆಂಟರಿಷ್ಟರು, ಕೊನೆಗೆ ಗಂಡನೂ ಬೆರಳು ತೋರುವುದು ಅವಳ ಕಡೆಗೆ. ವಿಜ್ಞಾನ ಹೇಳುವುದು ಸ್ಪಷ್ಟ: ಗರ್ಭ ನಿಂತರೆ ಮೊದಲು ಪರೀಕ್ಷೆಯಾಗಬೇಕಾದ್ದು ಗಂಡನ ವೀರ್ಯ, ಹೆಂಡತಿಯ ನಡತೆ ಅಲ್ಲ. ಮೂರನೇ ತಿಂಗಳ ಆ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವ ಗಂಡಸು ತನ್ನ ಹೆಂಡತಿಯ ಮಾನವನ್ನು ಪಣಕ್ಕಿಡುತ್ತಾನೆ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಇಷ್ಟವಿಲ್ಲ.

ಇನ್ನು ಆಸೆಯ ವಿಷಯ. ಆಪರೇಷನ್ ಆದ ಗಂಡಸರನ್ನು ಕೇಳಿ ಮಾಡಿದ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದಿವೆ. ಹೆಚ್ಚಿನವರು ಹೇಳಿದ್ದು ವ್ಯತ್ಯಾಸವಿಲ್ಲ ಎಂದು, ಅಥವಾ ಮೊದಲಿಗಿಂತ ಚೆನ್ನಾಗಿದೆ ಎಂದು. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳನ್ನು ಸ್ಟ್ಯಾನ್‌ಫರ್ಡ್‌ನ ವೈದ್ಯರು ಲೆಕ್ಕ ಹಾಕಿದಾಗ, ಆಪರೇಷನ್ ಆದವರು ತಿಂಗಳಿಗೆ ಸರಾಸರಿ 5.9 ಸಲ, ಆಗದವರು 4.9 ಸಲ ಸೇರುತ್ತಿದ್ದರು. ಆಪರೇಷನ್ನೇ ಆಸೆ ಹೆಚ್ಚಿಸುತ್ತದೆ ಎಂದು ಇದರ ಅರ್ಥವಲ್ಲ. ತಿಂಗಳು ತಿಂಗಳು ತಾರೀಖು ಎಣಿಸುವ ಭಯ ಹೋದಾಗ ಇಬ್ಬರಿಗೂ ಮನಸ್ಸು ಹಗುರಾಗುತ್ತದೆ. ಅದರಲ್ಲೂ ಹೆಂಡತಿಗೆ. ಮಗ್ಗದ ಸದ್ದು ನಿಲ್ಲದ ಒಂದೇ ಕೋಣೆಯ ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ ಸಿಗುವ ಸ್ವಲ್ಪ ಹೊತ್ತಿನಲ್ಲಿ, ಭಯವಿಲ್ಲದಿರುವುದೇ ದೊಡ್ಡ ಸುಖ.

ಮನಸ್ಸಿನ ಬಲ ಎಷ್ಟೆಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ವಿಯೆನ್ನಾದ ಓಯ್ಗನ್ ಸ್ಟೈನಾಕ್ ಎಂಬ ವಿಜ್ಞಾನಿ ವೀರ್ಯನಾಳ ಕಟ್ಟಿದರೆ ಹಾರ್ಮೋನು ಹೆಚ್ಚಿ ಯೌವನ ಮರಳುತ್ತದೆ ಎಂದು ಸಾರಿದ. ಯೂರೋಪಿನ ಶ್ರೀಮಂತರು, ಪಂಡಿತರು ಸಾಲುಗಟ್ಟಿದರು. ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ಮಾಡಿಸಿಕೊಂಡ. ರವೀಂದ್ರರ ಗೀತಾಂಜಲಿಗೆ ಮುನ್ನುಡಿ ಬರೆದ ಕವಿ ಯೇಟ್ಸ್ 1934ರಲ್ಲಿ, ಅರವತ್ತೆಂಟನೇ ವಯಸ್ಸಿನಲ್ಲಿ ಮಾಡಿಸಿಕೊಂಡು, ತನಗೆ ಹೊಸ ಹುರುಪು ಬಂತೆಂದು ನಂಬಿದ. ಹಾರ್ಮೋನು ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ಈಗ ನಮಗೆ ಗೊತ್ತು. ಶಕ್ತಿ ಬರುತ್ತದೆ ಎಂದು ನಂಬಿದ ಯೇಟ್ಸ್‌ಗೆ ಶಕ್ತಿ ಬಂತು. ಶಕ್ತಿ ಹೋಗುತ್ತದೆ ಎಂದು ನಂಬಿ ಮೇಜಿನ ಮೇಲೆ ಮಲಗುವ ನಮ್ಮ ಗಂಡಸಿಗೆ ಹೋದಂತೆ ಅನಿಸುತ್ತದೆ. ಕತ್ತರಿಸಿದ್ದು ಇಬ್ಬರಿಗೂ ಅದೇ ನಾಳ.

ಆಪರೇಷನ್ ಆಗಿ ಐದು ವರ್ಷದ ಮೇಲೆ, ನಲವತ್ತು ದಾಟಿದ ಮೇಲೆ ನಿಮಿರುವಿಕೆ ಕುಂದಿದರೆ ಎಲ್ಲರೂ ಬೈಯುವುದು ಆಪರೇಷನ್ನನ್ನೇ. ಅದಕ್ಕೆ ಕಾರಣ ಹುಡುಕಬೇಕಾದ್ದು ಸಕ್ಕರೆ ಕಾಯಿಲೆಯಲ್ಲಿ, ರಕ್ತದೊತ್ತಡದಲ್ಲಿ, ಬೀಡಿ, ಗುಟ್ಕಾ, ಹೆಂಡದಲ್ಲಿ, ನಿದ್ದೆಗೆಟ್ಟ ರಾತ್ರಿ ಪಾಳಿಯಲ್ಲಿ. ಶಿಶ್ನದ ರಕ್ತನಾಳಗಳು ಸಣ್ಣವು, ಹೃದಯದ ರಕ್ತನಾಳಗಳು ಕೆಡುವ ಮುಂಚೆ ಅವು ಕೆಡುತ್ತವೆ. ಆಪರೇಷನ್ ಮೇಲೆ ಹೊರೆ ಹಾಕಿ ಸುಮ್ಮನಿರುವವನು ಸಕ್ಕರೆ ಪರೀಕ್ಷೆ ಮಾಡಿಸುವುದಿಲ್ಲ, ಅಪಾಯವಿರುವುದು ಅಲ್ಲಿ. ಲೈಂಗಿಕ ರೋಗಗಳಿಂದ, ಎಚ್‌ಐವಿಯಿಂದ ಈ ಆಪರೇಷನ್ ಕಾಪಾಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಭಯಕ್ಕೆ ಇನ್ನೊಂದು ಬೇರಿದೆ, ಅದು ಚರಿತ್ರೆಯದು. ಸರ್ಕಾರವೇ ನಡೆಸುವ ಸಂತಾನ ನಿಯಂತ್ರಣದಲ್ಲಿ ಹಳೆಯ ಮೈಸೂರು ಸೀಮೆ ದೇಶಕ್ಕೇ ಮೊದಲು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕ್ಲಿನಿಕ್ ತೆರೆಯಿತು. ಅದು ಸಲಹೆಯ ದಾರಿಯಾಗಿತ್ತು. ಆದರೆ ತುರ್ತು ಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಿ ಒಂದೇ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಗಂಡಸರವು. ಗುರಿ ಮುಟ್ಟಿಸುವ ಒತ್ತಡದಲ್ಲಿ ಹಿಡಿದು ತಂದು ಮಾಡಿದ ಕಥೆಗಳು ಊರೂರಿಗೆ ಹರಡಿದವು. ಅದಾದ ಮೇಲೆ ಸರ್ಕಾರಗಳು ಗಂಡಸರ ತಂಟೆಗೆ ಹೋಗದೆ ಹೆಂಗಸರ ಕಡೆಗೆ ತಿರುಗಿದವು. ನಮ್ಮ ಕಾಗದಪತ್ರಗಳ ಹೆಸರೂ ಸಹಾಯ ಮಾಡಲಿಲ್ಲ. 'ಸಂತಾನ ಶಕ್ತಿ ಹರಣ ಚಿಕಿತ್ಸೆ' ಎಂಬುದರಲ್ಲಿ ರೈತನ ಕಿವಿಗೆ ಬೀಳುವುದು 'ಶಕ್ತಿ ಹರಣ' ಮಾತ್ರ. ಈ ಹೆಸರನ್ನು ಬದಲಾಯಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 'ನಾಳ ಕಟ್ಟುವ ಚಿಕಿತ್ಸೆ' ಎಂದರೆ ಸಾಕು, ಅದು ಸತ್ಯವೂ ಹೌದು.

ಫಲಿತಾಂಶ ಅಂಕಿಯಲ್ಲಿದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಹೆಣ್ಣುಮಕ್ಕಳಲ್ಲಿ ಶೇ 57.4ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡವರ ಪ್ರಮಾಣ ಶೇ 0.0. ದೇಶದ ಸರಾಸರಿ 0.3, ನಮ್ಮದು ಅಷ್ಟೂ ಇಲ್ಲ. ಹೆಂಗಸರ ಆಪರೇಷನ್ನಿಗೆ ಹೊಟ್ಟೆಯ ಒಳಗೇ ಹೋಗಬೇಕು, ಅಪಾಯವೂ ನೋವೂ ಹೆಚ್ಚು. ಬಸುರಿ, ಹೆರಿಗೆ, ಎದೆಹಾಲು ಎಲ್ಲ ಆದ ಮೇಲೆ ಕತ್ತಿಗೂ ಅವಳೇ ಮಲಗುತ್ತಾಳೆ. ನಮ್ಮ ಕಡೆ "ಆಪರೇಷನ್ ಆಯ್ತಾ?" ಎಂದು ಬರಿಯ ಒಂದು ಮಾತು ಕೇಳಿದರೆ ಅದು ಹೆಂಗಸಿನದೇ ಎಂದು ಎಲ್ಲರಿಗೂ ಗೊತ್ತು.

ಮಕ್ಕಳಿಗಾಗಿ ಘಾಟಿಯಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಹರಕೆ ಹೊರುವಾಗ ಗಂಡ ಹೆಂಡತಿ ಜತೆಯಾಗಿಯೇ ಹೋಗುತ್ತಾರೆ. ಸಾಕು ಎನ್ನುವ ತೀರ್ಮಾನವನ್ನೂ ಹಾಗೆ ಜತೆಯಾಗಿಯೇ ಕೂತು ಮಾಡಬೇಕು. ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ, ಆದರೆ ಅದು ಕಷ್ಟದ್ದು, ದುಬಾರಿಯದು, ಫಲ ಖಾತ್ರಿಯಿಲ್ಲ. ಆದ್ದರಿಂದ ಇದನ್ನು ಶಾಶ್ವತ ಎಂದೇ ತಿಳಿದು ಒಪ್ಪಬೇಕು. ಇನ್ನೊಂದು ಮಗು ಬೇಕಾಗಬಹುದು ಎಂಬ ಸಣ್ಣ ಅನುಮಾನವಿದ್ದರೂ ಈ ಚಿಕಿತ್ಸೆ ಬೇಡ, ಬೇರೆ ವಿಧಾನಗಳಿವೆ.

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಆರೋಗ್ಯ ಇಲಾಖೆ ಪುರುಷರ ಚಿಕಿತ್ಸೆಗಾಗಿಯೇ ಪಾಕ್ಷಿಕ ನಡೆಸುತ್ತದೆ. ಅದಕ್ಕೆ ಮುಂಚೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೆಂಡತಿಯ ಜತೆ ಹೋಗಿ ಎಲ್ಲವನ್ನೂ ಕೇಳಿ, ನಾಚಿಕೆ ಬಿಟ್ಟು ಕೇಳಿ. ನವೆಂಬರ್ ಕೊನೆಗೆ ಚಿಕಿತ್ಸೆ ಆದರೆ ಪರೀಕ್ಷೆ ಫೆಬ್ರವರಿ ಕೊನೆಗೆ ಬರುತ್ತದೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುರುತು ಹಾಕಿಟ್ಟುಕೊಳ್ಳಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ.